ತೇಲುವ ಗಿಡಕ್ಕೊಂದು ಲಂಗರು

ಅಕ್ವೇರಿಯಂ ಇಟ್ಟವರಿಗೆಲ್ಲ ಪರಿಚಯವಿರುವ ಒಂದು ಸಣ್ಣ ತಾಪತ್ರಯವಿದೆ. ಅಂಗಡಿಯಿಂದ ತಂದ ಹಸಿರು ಕಾಂಡಗಳನ್ನು ನೀವು ಸಂಜೆ ತೊಟ್ಟಿಯ ಮರಳಿನಲ್ಲಿ ನೆಟ್ಟಿರುತ್ತೀರಿ. ಮರುದಿನ ಮಧ್ಯಾಹ್ನ ನೋಡಿದರೆ ಅವುಗಳಲ್ಲಿ ಕೆಲವು ನೀರಿನ ಮೇಲೆ ಮಲಗಿರುತ್ತವೆ. ಮತ್ತೆ ನೆಟ್ಟರೆ ಮತ್ತೆ ಏಳುತ್ತವೆ. ಮೀನುಗಳು ಕಿತ್ತಿರಬೇಕು ಎಂದು ತಪ್ಪು ಹೊರಿಸುವವರುಂಟು. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಮೀನೇ ಇಲ್ಲದ ತೊಟ್ಟಿಯಲ್ಲೂ ಹೀಗಾಗುತ್ತದೆ. ಏಕೆ?

ಈ ಸರಳ ಪ್ರಶ್ನೆಯ ಹಿಂದೆ ಸುಮಾರು ಇನ್ನೂರೈವತ್ತು ವರ್ಷಗಳ ವಿಜ್ಞಾನವಿದೆ. ಗಿಡವನ್ನು ಮೇಲಕ್ಕೆತ್ತುವ ಅನಿಲವೇ ಮೀನಿನ ಉಸಿರೂ ಹೌದು ಎಂಬುದನ್ನು ಮನುಷ್ಯ ಹಂತಹಂತವಾಗಿ ತಿಳಿದುಕೊಂಡ. ಹಾಗೆಯೇ, ತೇಲುವುದು ಗಿಡದ ದೋಷವಲ್ಲ, ಅದರ ಬದುಕಿನ ಒಂದು ಉಪಾಯ ಎಂಬುದನ್ನೂ ತಿಳಿದುಕೊಂಡ. ಎರಡನೆಯ ಪಾಠಕ್ಕೆ ಅವನು ತೆತ್ತ ಬೆಲೆ ದೊಡ್ಡದು.

ಮೊದಲು ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳೋಣ. ತೊಟ್ಟಿಯ ಗಿಡಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ವ್ಯಾಲಿಸ್ನೇರಿಯದಂಥವುಗಳಲ್ಲಿ ಎಲೆಗಳೆಲ್ಲ ಬುಡದಿಂದಲೇ ಹೊರಡುತ್ತವೆ. ಬೇರಿನ ಗೊಂಚಲು ಮೊದಲೇ ಇರುತ್ತದೆ. ಹೈಡ್ರಿಲ್ಲ, ಎಲೋಡಿಯ, ಕಬೋಂಬ, ಲುಡ್ವಿಜಿಯ ಮುಂತಾದವುಗಳಲ್ಲಿ ಉದ್ದನೆಯ ಕಾಂಡ, ಕಾಂಡದ ಮೇಲೆ ಗೆಣ್ಣುಗಳು, ಗೆಣ್ಣುಗಳಲ್ಲಿ ಎಲೆಗಳು. ಇವು ಸಾಮಾನ್ಯವಾಗಿ ಬೇರಿಲ್ಲದ ತುಂಡುಗಳಾಗಿಯೇ ಮಾರಾಟಕ್ಕೆ ಬರುತ್ತವೆ. ಇವನ್ನು ಕಾಂಡಸಸ್ಯಗಳೆಂದು ಕರೆಯೋಣ. ತೇಲುವ ತಾಪತ್ರಯ ಹೆಚ್ಚಾಗಿ ಇವುಗಳದೇ.

ಗುಳ್ಳೆಗಳ ಕತೆ

ಸ್ವಿಟ್ಜರ್‌ಲೆಂಡಿನ ಚಾರ್ಲ್ಸ್ ಬೋನೆ 1754ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರಯೋಗವನ್ನು ವಿವರಿಸಿದ್ದಾನೆ. ದ್ರಾಕ್ಷಿಯ ಎಲೆಯನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟಾಗ ಎಲೆಯ ಮೇಲೆ ಗುಳ್ಳೆಗಳು ಮೂಡಿದವು. ಚೆನ್ನಾಗಿ ಕುದಿಸಿ ಆರಿಸಿದ ನೀರಿನಲ್ಲಿ ಅವು ಮೂಡಲಿಲ್ಲ. ಹಾಗಾಗಿ ಗುಳ್ಳೆ ಬಂದದ್ದು ನೀರಿನಲ್ಲಿ ಕರಗಿದ್ದ ಗಾಳಿಯಿಂದ, ಎಲೆಯಿಂದಲ್ಲ ಎಂದು ಅವನು ತೀರ್ಮಾನಿಸಿದ. ಪ್ರಯೋಗ ಸರಿ, ತೀರ್ಮಾನ ತಪ್ಪು! ಕುದಿಸಿದಾಗ ನೀರಿನಿಂದ ಹೊರಟುಹೋದದ್ದರಲ್ಲಿ ಎಲೆಗೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಕೂಡ ಇತ್ತು. ಆದರೆ ಆಗ ಅದನ್ನು ಊಹಿಸುವುದಕ್ಕೆ ಬೇಕಾದ ರಸಾಯನವಿಜ್ಞಾನವೇ ಇನ್ನೂ ಹುಟ್ಟಿರಲಿಲ್ಲ.

ಮುಂದಿನ ಹೆಜ್ಜೆ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯದು. 1771ರ ಆಗಸ್ಟ್ 17ರಂದು ಅವನು, ಮೇಣದ ಬತ್ತಿ ಉರಿದು ಆರಿಹೋದ ಗಾಳಿಯಲ್ಲಿ ಪುದೀನದ ಒಂದು ಕಡ್ಡಿಯನ್ನು ಇಟ್ಟ. ಹತ್ತು ದಿನಗಳ ಅನಂತರ ಅದೇ ಗಾಳಿಯಲ್ಲಿ ಇನ್ನೊಂದು ಬತ್ತಿ ಚೆನ್ನಾಗಿ ಉರಿಯಿತು. ಗಿಡ ಕೆಟ್ಟ ಗಾಳಿಯನ್ನು ಸರಿಪಡಿಸುತ್ತದೆ ಎಂಬುದು ಹೀಗೆ ಗೊತ್ತಾಯಿತು. ಆದರೆ ಈ ಪ್ರಯೋಗ ಎಲ್ಲರ ಕೈಯಲ್ಲೂ, ಎಲ್ಲ ವೇಳೆಯಲ್ಲೂ ಫಲಿಸಲಿಲ್ಲ. ಕಾರಣವನ್ನು ಹುಡುಕಿದವನು ನೆದರ್ಲೆಂಡ್ಸ್‌ನ ವೈದ್ಯ ಯಾನ್ ಇಂಗೆನ್‌ಹೌಸ್. 1779ರ ಬೇಸಿಗೆಯಲ್ಲಿ ಲಂಡನ್ ಸಮೀಪದ ಮನೆಯೊಂದರಲ್ಲಿ ಅವನು ನೂರಾರು ಪ್ರಯೋಗಗಳನ್ನು ಮಾಡಿದ. ಎಲೆಗಳನ್ನು ನೀರಿನಲ್ಲಿ ಮುಳುಗಿಸಿ, ಮೇಲೇಳುವ ಗುಳ್ಳೆಗಳನ್ನು ಸಂಗ್ರಹಿಸಿ ಪರೀಕ್ಷಿಸಿದ. ಹಸಿರು ಭಾಗ ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ ಶುದ್ಧ ಗಾಳಿಯನ್ನು ಕೊಡುತ್ತದೆ. ಕತ್ತಲಿನಲ್ಲಿ ಗಿಡವೂ ಗಾಳಿಯನ್ನು ಕೆಡಿಸುತ್ತದೆ ಎಂದು ತೋರಿಸಿದ. 1782ರಲ್ಲಿ ಜಿನೀವದ ಜಾನ್ ಸೆನೆಬಿಯೆ, ಈ ಕ್ರಿಯೆಗೆ ನೀರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಅಗತ್ಯ ಎಂದು ತಿಳಿಸಿದ. ಬೋನೆಯ ಕುದಿಸಿದ ನೀರಿನ ಒಗಟು ಬಿಡಿಸಿದಂತಾಯಿತು.

ವಾರಿಂಗ್ಟನ್‌ನ ತೊಟ್ಟಿ

ಗಿಡ ಆಕ್ಸಿಜನ್ ಕೊಡುತ್ತದೆ, ಪ್ರಾಣಿ ಅದನ್ನು ಬಳಸಿ ಕಾರ್ಬನ್ ಡೈಆಕ್ಸೈಡ್ ಹಿಂದಿರುಗಿಸುತ್ತದೆ. ಹಾಗಿದ್ದರೆ ಎರಡನ್ನೂ ಒಂದೇ ಪಾತ್ರೆಯಲ್ಲಿಟ್ಟು, ನೀರು ಬದಲಾಯಿಸದೆ ಬದುಕಿಸಲು ಸಾಧ್ಯವೆ? ಈ ಪ್ರಶ್ನೆಯನ್ನು ಅಳತೆಗೋಲಿಟ್ಟು ಪರೀಕ್ಷಿಸಿದವನು ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್. ಔಷಧ ತಯಾರಕರ ಸಂಘದ ಪ್ರಯೋಗಾಲಯದಲ್ಲಿ ಅವನ ಕೆಲಸ. 1841ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿ ಹುಟ್ಟುವುದಕ್ಕೆ ಮುಂದಾಳಾಗಿದ್ದವನೂ ಅವನೇ.

1849ರಲ್ಲಿ ಅವನು 12 ಗ್ಯಾಲನ್, ಅಂದರೆ ಸುಮಾರು 54 ಲೀಟರ್ ಹಿಡಿಸುವ ಗಾಜಿನ ಪಾತ್ರೆಯನ್ನು ಅರ್ಧ ತುಂಬಿಸಿ ಎರಡು ಗೋಲ್ಡ್‌ಫಿಷ್‌ಗಳನ್ನು ಬಿಟ್ಟ. ತಳದಲ್ಲಿ ಮರಳು, ಕೆಸರು ಮತ್ತು ಕೆಲವು ಕಲ್ಲುಗಳಿದ್ದವು. ಒಂದು ವ್ಯಾಲಿಸ್ನೇರಿಯ ಗಿಡದ ಬೇರನ್ನು ಕೆಸರು ಮರಳಿನಲ್ಲಿ ಹುದುಗಿಸಿ, ಅದು ಜಾಗ ಬಿಟ್ಟು ಏಳದಂತೆ ಅದರ ಮೇಲೆ ಒಂದು ಕಲ್ಲನ್ನು ಇರಿಸಿದ. ಬೇರಿರುವ ಗಿಡಕ್ಕೂ ಲಂಗರು ಬೇಕಾಯಿತು ಎಂಬುದನ್ನು ಗಮನಿಸಿ.

ಮೊದಮೊದಲು ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಗಾಜಿನ ಮೇಲೆ ಹಸಿರು ಪಾಚಿ ಕಟ್ಟಿತು. ಕೊಳೆಯುವ ವಸ್ತು ಆಕ್ಸಿಜನ್ನನ್ನು ನುಂಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಪಡೆದು ಹಿಡಿದಿಟ್ಟುಕೊಳ್ಳಬಲ್ಲ ಆಕ್ಸಿಜನ್ ಕೇವಲ 8 ಮಿಲಿಗ್ರಾಂನಷ್ಟು. ಆದ್ದರಿಂದ ಈ ಸಾಲ ತೀರಿಸುವುದು ಕಷ್ಟ. ಕೊಳದಲ್ಲಿ ಈ ಕಸವನ್ನು ಯಾರು ತೆಗೆಯುತ್ತಾರೆ ಎಂದು ವಾರಿಂಗ್ಟನ್ ಯೋಚಿಸಿದ. ಕೊಳದಿಂದ ಐದಾರು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನೂ ಪಾಚಿಯನ್ನೂ ಮೇಯ್ದವು, ನೀರು ತಿಳಿಯಾಯಿತು. ಅವುಗಳ ಮೊಟ್ಟೆ ಮೀನುಗಳಿಗೆ ಆಹಾರವಾಯಿತು. 1850ರಲ್ಲಿ ಅವನು ಈ ಫಲಿತಾಂಶವನ್ನು ಕೆಮಿಕಲ್ ಸೊಸೈಟಿಗೆ ವರದಿ ಮಾಡಿದ.

ಸಮುದ್ರದ ನೀರಿನಲ್ಲಿ ಇದೇ ದಾರಿಯಲ್ಲಿ ಮುಂದೆ ಹೋದವಳು ಆ್ಯನ ಥಿನ್. 1846ರಲ್ಲಿ ಆಕೆ ಕಡಲತೀರದ ಟಾರ್ಕೀಯಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದಳು. ನೀರಿಗೆ ಗಾಳಿ ಸೇರಿಸಲು ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಸುತ್ತಿದ್ದಳು. ಮರುವರ್ಷ ಕಡಲಪಾಚಿಯನ್ನು ಸೇರಿಸಿದಳು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಅದಕ್ಕೆ ಜೀವಿಗಳನ್ನು ಒದಗಿಸಿದ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಮನೆಮಾತಾಯಿತು. 1845ರಲ್ಲಿ ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾದದ್ದೂ ಈ ಹವ್ಯಾಸಕ್ಕೆ ನೆರವಾಯಿತು. ಕಡಲಪಾಚಿಗೆ ನಿಜವಾದ ಬೇರಿಲ್ಲ. ಕಲ್ಲಿಗೆ ಅಂಟಿಕೊಂಡೇ ಅದರ ಬಾಳು. ಆದ್ದರಿಂದ ಪಾಚಿಯನ್ನು ಕೀಳಬೇಡಿ, ಸುತ್ತಿಗೆ ಉಳಿ ಬಳಸಿ ಅದು ಕೂತಿರುವ ಬಂಡೆಯ ಚೂರನ್ನೇ ಒಡೆದು ತನ್ನಿ ಎಂಬುದು ಗಾಸ್‌ನ ಸಲಹೆ. ಸಿಹಿನೀರಿನ ಕಾಂಡಸಸ್ಯದ ವಿಷಯದಲ್ಲಿ ಈ ಸೌಕರ್ಯವಿಲ್ಲ. ಅದಕ್ಕೆ ಲಂಗರನ್ನು ನಾವೇ ಒದಗಿಸಬೇಕು.

ಎಷ್ಟು ಭಾರ ಬೇಕು?

ಹೈಡ್ರಿಲ್ಲದ ಕಾಂಡವನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ. ಜೀವಕೋಶಗಳ ನಡುವೆ ಉದ್ದಕ್ಕೂ ಹರಿಯುವ ಗಾಳಿಯ ಓಣಿಗಳು ಕಾಣುತ್ತವೆ. ಬೆಳಕಿನಲ್ಲಿ ತಯಾರಾದ ಆಕ್ಸಿಜನ್ ಮೊದಲು ತುಂಬಿಕೊಳ್ಳುವುದು ಇಲ್ಲಿ. ಕಾಲೇಜಿನಲ್ಲಿ ಆಲಿಕೆಯ ಕೆಳಗೆ ಹೈಡ್ರಿಲ್ಲವನ್ನಿಟ್ಟು ದ್ಯುತಿಸಂಶ್ಲೇಷಣೆಯ ಪ್ರಯೋಗ ಮಾಡುವಾಗ, ಕಾಂಡದ ಕೊಯ್ದ ತುದಿಯಿಂದ ಗುಳ್ಳೆಗಳು ಸಾಲಾಗಿ ಏಳುವುದು ಈ ಓಣಿಗಳಿಂದಲೇ.

ಈಗ ಆರ್ಕಿಮಿಡೀಸ್ ತತ್ತ್ವವನ್ನು ಅನ್ವಯಿಸೋಣ. ಲೆಕ್ಕದ ಅನುಕೂಲಕ್ಕಾಗಿ, ಕಾಂಡದ ಒಟ್ಟು ಗಾತ್ರ 10 ಮಿಲಿಲೀಟರ್, ಅದರಲ್ಲಿ ನೂರಕ್ಕೆ 15 ಭಾಗ ಅನಿಲ ಎಂದಿಟ್ಟುಕೊಳ್ಳಿ. ಉಳಿದ 8.5 ಮಿಲಿಲೀಟರ್ ಅಂಗಾಂಶದ ಸಾಂದ್ರತೆ ನೀರಿಗಿಂತ ತುಸು ಹೆಚ್ಚು, 1.02 ಇರಲಿ. ಆಗ ಗಿಡದ ತೂಕ 8.67 ಗ್ರಾಂ. ಅದು ಸರಿಸಿದ ನೀರಿನ ತೂಕ 10 ಗ್ರಾಂ. ವ್ಯತ್ಯಾಸ 1.33 ಗ್ರಾಂ. ಗಿಡವನ್ನು ಸದಾ ಮೇಲಕ್ಕೆ ಎಳೆಯುತ್ತಿರುವುದು ಇಷ್ಟು ತೂಕಕ್ಕೆ ಸಮನಾದ ಬಲ. ಮಧ್ಯಾಹ್ನ ಎಲೆಗಳಿಗೆ ಗುಳ್ಳೆಗಳು ಅಂಟಿಕೊಂಡಾಗ, ಅಂಥ ಪ್ರತಿ ಮಿಲಿಲೀಟರ್ ಅನಿಲಕ್ಕೆ ಇನ್ನೊಂದು ಗ್ರಾಂನಷ್ಟು ಎಳೆತ ಕೂಡಿಕೊಳ್ಳುತ್ತದೆ. ಸಂಜೆ ನೆಟ್ಟ ಗಿಡ ರಾತ್ರಿಯೆಲ್ಲ ಸುಮ್ಮನಿದ್ದು ಮರುದಿನ ಬೆಳಕೇರಿದ ಮೇಲೆ ಏಳುವುದೇಕೆ ಎಂಬುದು ಈಗ ತಿಳಿಯಿತಲ್ಲವೆ?

ಈ 1.33 ಗ್ರಾಂ ಎಳೆತವನ್ನು ತಡೆಯಲು ಎಷ್ಟು ಭಾರ ಕಟ್ಟಬೇಕು? ಭಾರವೂ ನೀರಿನಲ್ಲೇ ಇರುವುದರಿಂದ ಅದರ ತೂಕವೂ ಕಡಮೆಯಾಗುತ್ತದೆ. 2.6 ಸಾಂದ್ರತೆಯ ಕಲ್ಲಾದರೆ ತನ್ನ ತೂಕದ ನೂರಕ್ಕೆ 62ರಷ್ಟನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹಾಗಾಗಿ ಸುಮಾರು 2.2 ಗ್ರಾಂ ಕಲ್ಲು ಬೇಕು. 11.3 ಸಾಂದ್ರತೆಯ ಸೀಸ ನೂರಕ್ಕೆ 91ರಷ್ಟನ್ನು ಉಳಿಸಿಕೊಳ್ಳುತ್ತದೆ; ಸುಮಾರು 1.5 ಗ್ರಾಂ ಸಾಕು. ಬೆರಳಿನಲ್ಲಿ ಬಗ್ಗುವಷ್ಟು ಮೃದುವಾದ ಸೀಸದ ಪಟ್ಟಿ ಅಕ್ವೇರಿಯಂ ವ್ಯಾಪಾರದಲ್ಲಿ ಬಳಕೆಗೆ ಬಂದದ್ದು ಇದರಿಂದಲೇ.

ಆದರೆ ಸೀಸ ವಿಷ. ಗಡಸು ನೀರಿನಲ್ಲಿ ಅದರ ಮೇಲೆ ಕಾರ್ಬನೇಟಿನ ಪದರ ಕಟ್ಟಿ ಕರಗುವಿಕೆಯನ್ನು ತಡೆಯುತ್ತದೆ. ಮೆದು ನೀರಿನಲ್ಲಿ, ಅದರಲ್ಲೂ ಆಮ್ಲೀಯ ನೀರಿನಲ್ಲಿ, ಅದು ನಿಧಾನವಾಗಿ ಕರಗುತ್ತದೆ. ಇನ್ನೊಂದು ತೊಂದರೆ ಯಾಂತ್ರಿಕವಾದದ್ದು. ಪಟ್ಟಿಯನ್ನು ಬಿಗಿದರೆ ಗಾಳಿಯ ಓಣಿಗಳು ಜಜ್ಜಿಹೋಗುತ್ತವೆ. ಜಜ್ಜಿದ ಜಾಗ ಕೊಳೆತು, ಕೆಳಗಿನ ತುಂಡು ಪಟ್ಟಿಯೊಡನೆ ಮರಳಿನಲ್ಲೇ ಉಳಿದು, ಮೇಲಿನದು ಮತ್ತೆ ತೇಲುತ್ತದೆ!

ಭಾರಕ್ಕಿಂತ ಉತ್ತಮವಾದ ಲಂಗರು ಗಿಡದಲ್ಲೇ ಇದೆ. ಪ್ರತಿ ಗೆಣ್ಣೂ ಬೇರು ಬಿಡಬಲ್ಲದು. ಕಟ್ಟನ್ನು ಬಿಚ್ಚಿ ಕಾಂಡಗಳನ್ನು ಬಿಡಿಸಿಕೊಳ್ಳಿ. ಬುಡದ ಜಜ್ಜಿದ ಭಾಗವನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿ. ಕೆಳಗಿನ ಎರಡು ಮೂರು ಗೆಣ್ಣುಗಳ ಎಲೆಗಳನ್ನು ತೆಗೆಯಿರಿ. ಮರಳಿನಡಿ ಸೇರಿದ ಎಲೆ ಕೊಳೆಯುತ್ತದೆ. ಐದು ಸೆಂಟಿಮೀಟರಿನಷ್ಟು ದಪ್ಪವಾಗಿ ಹರಡಿದ, ತೊಳೆದ ಮರಳಿನಲ್ಲಿ ಕಾಂಡವನ್ನು ಚಿಮಟದಿಂದ ಹಿಡಿದು ಓರೆಯಾಗಿ ತೂರಿಸಿ. ನೇರವಾಗಿ ನೆಟ್ಟ ಕಾಂಡ ಎಳೆತದ ದಿಕ್ಕಿನಲ್ಲೇ ಜಾರಿ ಬರುತ್ತದೆ. ಓರೆಯಾಗಿದ್ದರೆ ಮೇಲಿರುವ ಮರಳಿನ ಭಾರವನ್ನೂ ಅದು ಎತ್ತಬೇಕಾಗುತ್ತದೆ. ಬೆಳಕು ಕೆಳಗಿನ ಎಲೆಗೂ ತಲುಪುವಂತೆ ಕಾಂಡಗಳ ನಡುವೆ ಬೆರಳಗಲ ಜಾಗ ಬಿಡಿ. ಒಂದೆರಡು ವಾರ ಅವು ಕದಲದಂತೆ ನೋಡಿಕೊಂಡರೆ ಗೆಣ್ಣಿನ ಬೇರುಗಳು ಮರಳನ್ನು ಹಿಡಿಯುತ್ತವೆ. ಅಲ್ಲಿಯವರೆಗೆ ಒಂದು ಪುಟ್ಟ ಬೆಣಚುಕಲ್ಲನ್ನು ಬುಡಕ್ಕೆ ಒರಗಿಸಿಡಬಹುದು, ವಾರಿಂಗ್ಟನ್ ಮಾಡಿದ ಹಾಗೆ.

ಬೋಸ್ ಎಣಿಸಿದ ಗುಳ್ಳೆಗಳು

ಈ ಗುಳ್ಳೆಗಳನ್ನು ಭೌತವಿಜ್ಞಾನಿಯೊಬ್ಬರು ಎಣಿಸಿದ ಕತೆಯನ್ನೂ ಇಲ್ಲಿ ಹೇಳಬೇಕು. ರೇಡಿಯೋ ಅಲೆಗಳ ಸಂಶೋಧನೆಯಿಂದ ಹೆಸರಾದ ಜಗದೀಶ ಚಂದ್ರ ಬೋಸ್ ಅವರು ಮುಂದೆ ಸಸ್ಯಗಳತ್ತ ತಿರುಗಿದ್ದು ನಿಮಗೆ ಗೊತ್ತೇ ಇದೆ. ದ್ಯುತಿಸಂಶ್ಲೇಷಣೆಯ ಅಧ್ಯಯನಕ್ಕೆ ಅವರು ಆರಿಸಿಕೊಂಡದ್ದು ಬಂಗಾಳದ ಕೊಳಗಳ ಹೈಡ್ರಿಲ್ಲವನ್ನು. ಗಿಡದಿಂದ ಹೊರಡುವ ಆಕ್ಸಿಜನ್ ಗುಳ್ಳೆಗಳು ತಾವಾಗಿಯೇ ದಾಖಲಾಗುವಂಥ ಉಪಕರಣವನ್ನು ಅವರು ರಚಿಸಿದರು. 1924ರಲ್ಲಿ ಈ ಕೆಲಸದ ಕುರಿತು ಅವರ ಗ್ರಂಥ ಹೊರಬಂತು. ಬೇಸಿಗೆಯ ಹೈಡ್ರಿಲ್ಲ ಚಳಿಗಾಲದ್ದಕ್ಕಿಂತ ಭಿನ್ನವಾಗಿ ವರ್ತಿಸುತ್ತದೆ, ಅದರಲ್ಲಿ ಮ್ಯಾಲಿಕ್ ಆಮ್ಲದ ಪಾತ್ರವಿದೆ ಎಂದು ಅವರು ಗುರುತಿಸಿದ್ದರು.

ಅದರ ಅರ್ಥ ಸ್ಪಷ್ಟವಾಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಅನಿಲಗಳು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಬಿಸಿಲಿನ ದಿನ, ದಟ್ಟವಾಗಿ ಗಿಡ ಬೆಳೆದ ಕೊಳದಲ್ಲಿ ಕಾರ್ಬನ್ ಡೈಆಕ್ಸೈಡ್‌ಗೆ ಬರ ಬರುತ್ತದೆ. ಆಗ ಹೈಡ್ರಿಲ್ಲ, ಜೋಳ ಕಬ್ಬುಗಳಲ್ಲಿರುವ ಸಿ-4 ಮಾರ್ಗವನ್ನು ಹೋಲುವ ಇನ್ನೊಂದು ದಾರಿಗೆ ಹೊರಳುತ್ತದೆ. ಈ ಮಾರ್ಗದ ಮೊದಲ ಸುಳಿವು ಬೋಸ್ ಅವರ ಪ್ರಯೋಗಗಳಲ್ಲೇ ಇತ್ತು ಎಂದು ಎ.ಎಸ್. ರಾಘವೇಂದ್ರ ಮತ್ತು ಗೋವಿಂದಜೀ 2011ರ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ.

ತೊಟ್ಟಿಯಿಂದ ತಪ್ಪಿಸಿಕೊಂಡಾಗ

ತೇಲುವುದು ಮತ್ತು ಗೆಣ್ಣಿನಿಂದ ಬೇರು ಬಿಡುವುದು. ಈ ಎರಡು ಗುಣಗಳನ್ನು ಇಲ್ಲಿಯವರೆಗೆ ಬೇರೆ ಬೇರೆಯಾಗಿ ನೋಡಿದೆವು. ಒಟ್ಟಿಗೆ ನೋಡಿದರೆ ಬೇರೊಂದು ಚಿತ್ರ ಮೂಡುತ್ತದೆ. ಹರಿಯುವ ನೀರಿನಲ್ಲಿ ಕಾಂಡವೊಂದು ಮುರಿದರೆ ಅದು ಮುಳುಗಿ ಕೊಳೆಯುವುದಿಲ್ಲ. ತೇಲಿ ಬೇರೆ ಕಡೆಗೆ ಸಾಗಿ, ದಡ ಸಿಕ್ಕಲ್ಲಿ ಬೇರೂರುತ್ತದೆ. ನಮ್ಮ ತೊಟ್ಟಿಯಲ್ಲಿ ಪದೇಪದೇ ಮೇಲೇಳುವ ಕಾಂಡ ಮಾಡುತ್ತಿರುವುದು ಇದನ್ನೇ: ಅದು ಪ್ರಯಾಣಕ್ಕೆ ಹೊರಟಿದೆ!

ಉತ್ತರ ಅಮೆರಿಕದ ಎಲೋಡಿಯ 1842ರಲ್ಲಿ ಸ್ಕಾಟ್ಲೆಂಡಿನ ಡನ್ಸ್ ಕ್ಯಾಸಲ್ ಬಳಿಯ ಕೆರೆಯಲ್ಲಿ ಕಂಡಿತು. ಮುಂದಿನ ದಶಕದಲ್ಲಿ ಇಂಗ್ಲೆಂಡಿನ ಕಾಲುವೆಗಳನ್ನೂ ನದಿಗಳನ್ನೂ ಅದು ತುಂಬಿ, ದೋಣಿಗಳಿಗೂ ಮೀನುಗಾರರಿಗೂ ಅಡ್ಡಿಯಾಯಿತು. ಅಲ್ಲಿದ್ದವು ಬಹುಮಟ್ಟಿಗೆ ಹೆಣ್ಣು ಗಿಡಗಳೇ. ಬೀಜದ ಪ್ರಶ್ನೆಯೇ ಇರಲಿಲ್ಲ. ಹರಡಿದ್ದೆಲ್ಲ ತುಂಡುಗಳಿಂದ. ಜರ್ಮನರು ಅದನ್ನು 'ನೀರಿನ ಪಿಡುಗು' ಎಂದೇ ಕರೆದರು.

ಪಾಠ ಕಲಿತಿದ್ದರೆ ಕತೆ ಅಲ್ಲಿಗೆ ಮುಗಿಯಬೇಕಿತ್ತು. 1950ರ ದಶಕದ ಮೊದಲಲ್ಲಿ ಅಮೆರಿಕದ ಫ್ಲಾರಿಡಾದ ಟ್ಯಾಂಪಾ ನಗರಕ್ಕೆ ಅಕ್ವೇರಿಯಂ ವ್ಯಾಪಾರಕ್ಕಾಗಿ ಶ್ರೀಲಂಕಾದಿಂದ ಹೈಡ್ರಿಲ್ಲದ ಕಟ್ಟುಗಳು ಹೋದವು. ಮಾಲು ಚೆನ್ನಾಗಿಲ್ಲವೆಂದು ಅವನ್ನು ಹತ್ತಿರದ ಕಾಲುವೆಗೆ ಎಸೆಯಲಾಯಿತು. 1960ರ ವೇಳೆಗೆ ಫ್ಲಾರಿಡಾದ ಎರಡು ಕಡೆ ಅದು ಕಾಡುಗಿಡವಾಗಿ ಬೆಳೆದಿತ್ತು. ದಿನಕ್ಕೆ ಸುಮಾರು 2.5 ಸೆಂಟಿಮೀಟರ್ ಬೆಳೆಯಬಲ್ಲ ಗಿಡ ಅದು. ಒಂದೇ ಒಂದು ಗೆಣ್ಣಿರುವ ತುಂಡುಗಳಲ್ಲೂ ಸುಮಾರು ಅರ್ಧದಷ್ಟು ಚಿಗುರಬಲ್ಲವು. ಇಲ್ಲೂ ಬಂದಿದ್ದದ್ದು ಹೆಣ್ಣು ಗಿಡ ಮಾತ್ರ. 1997ರಲ್ಲಿ ಪ್ರಕಟವಾದ ಡಿಎನ್‌ಎ ಹೋಲಿಕೆಯೊಂದರಲ್ಲಿ, ಜಗತ್ತಿನ ಹಲವೆಡೆಯ ಮಾದರಿಗಳ ಪೈಕಿ ಈ ಹೆಣ್ಣು ಹೈಡ್ರಿಲ್ಲದ ಜೊತೆ ಗುಂಪುಗೂಡಿದ್ದು ನಮ್ಮ ಬೆಂಗಳೂರಿನ ಮಾದರಿ!

ಕೆರೆಯಂಗಳದಲ್ಲಿ ಜನ ಸುಮ್ಮನೆ ಪಾಚಿ ಎಂದು ಕರೆಯುವ ಈ ಹೂಗಿಡಕ್ಕೆ ನಮ್ಮಲ್ಲಿ ತಿನ್ನುವ ಶತ್ರುಗಳಿವೆ. ಅಲ್ಲಿ ಇರಲಿಲ್ಲ. 1987ರಲ್ಲಿ, ಹೈಡ್ರಿಲ್ಲದ ಎಲೆಯನ್ನು ಕೊರೆಯುವ ಪುಟ್ಟ ನೊಣವನ್ನು ಭಾರತದಿಂದ ಒಯ್ದು ಫ್ಲಾರಿಡಾದಲ್ಲಿ ಬಿಡಲಾಯಿತು. ಹುಲ್ಲುಗೆಂಡೆ ಮೀನನ್ನೂ ಕಳೆನಾಶಕಗಳನ್ನೂ ಬಳಸಲಾಯಿತು. ಮುಖ್ಯ ಕಳೆನಾಶಕವಾಗಿದ್ದ ಫ್ಲೂರಿಡೋನ್‌ಗೆ ಜಗ್ಗದ ಹೈಡ್ರಿಲ್ಲ ಹುಟ್ಟಿಕೊಂಡಿರುವುದು 2004ರಲ್ಲಿ ವರದಿಯಾಯಿತು. ಬೀಜವಿಲ್ಲದೆ, ಬರಿಯ ಕಾಂಡದ ಜೀವಕೋಶಗಳಲ್ಲಿ ಆದ ಉತ್ಪರಿವರ್ತನೆಯಿಂದಲೇ ಅದು ಈ ಶಕ್ತಿ ಪಡೆದಿತ್ತು.

ಇದು ದೂರದ ಮಾತೆಂದು ತಿಳಿಯಬೇಡಿ. 2020ರಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯ ಆವಳಪಾಂಡಿಯಲ್ಲಿ ನೀರಿನ ತುಂಬ ಗುಲಾಬಿ ಹೂ ಅರಳಿ, ನೋಡಲು ಜನ ಮುಗಿಬಿದ್ದರು. ಆ ಹೂವಿನ ಗಿಡ ದಕ್ಷಿಣ ಅಮೆರಿಕ ಮೂಲದ ಕಬೋಂಬ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಕಾಂಡಸಸ್ಯಗಳ ಬಳಗದ್ದೇ ಅದು.

ಶಾಲೆಯಲ್ಲಿ ಅಕ್ವೇರಿಯಂ ಇರುವ ಅಧ್ಯಾಪಕರಿಗೆ ಇಲ್ಲಿ ಎರಡು ಕೆಲಸಗಳಿವೆ. ಒಂದು, ಮಕ್ಕಳಿಂದ ಪ್ರಯೋಗ ಮಾಡಿಸಿ. ಒಂದೇ ಅಳತೆಯ ಹತ್ತು ಹೈಡ್ರಿಲ್ಲ ಕಾಂಡಗಳಲ್ಲಿ ಐದನ್ನು ನೇರವಾಗಿ, ಐದನ್ನು ಓರೆಯಾಗಿ ನೆಡಲಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಷ್ಟು ಮೇಲೆದ್ದವು ಎಂದು ಒಂದು ವಾರ ಬರೆದಿಡಲಿ. ಕಾಂಡಕ್ಕೆ ದಾರ ಕಟ್ಟಿ, ಅದು ಮುಳುಗುವವರೆಗೆ ತಂತಿಯ ಚೂರುಗಳನ್ನು ಸೇರಿಸುತ್ತ ಹೋದರೆ ಎಳೆತದ ಬಲವನ್ನೂ ಅಳೆಯಬಹುದು. ಆರ್ಕಿಮಿಡೀಸ್ ಮತ್ತು ಇಂಗೆನ್‌ಹೌಸ್ ಇಬ್ಬರೂ ಒಂದೇ ಗಾಜಿನ ಪಾತ್ರೆಯಲ್ಲಿ ಅವರಿಗೆ ಸಿಗುತ್ತಾರೆ.

ಎರಡು, ತೊಟ್ಟಿಯಿಂದ ಕತ್ತರಿಸಿ ತೆಗೆದ ಒಂದು ತುಂಡನ್ನೂ ಕೆರೆಗೆ, ಕಾಲುವೆಗೆ, ಚರಂಡಿಗೆ ಹಾಕಲು ಬಿಡಬೇಡಿ. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಸೇರಿಸಿ. ತೊಟ್ಟಿಯ ನೀರನ್ನು ಹೊರಚೆಲ್ಲುವಾಗ ಬಟ್ಟೆಯಲ್ಲಿ ಸೋಸಿ, ಅಂಗಳದ ಗಿಡಗಳಿಗೆ ಹಾಕಿ. ತೊಟ್ಟಿಯೊಳಗೆ ಆ ತುಂಡಿಗೆ ಲಂಗರು ಹಾಕುವುದು ನಮಗೆ ಕಷ್ಟವಾಗಿರಬಹುದು. ಹೊರಗೆ ಬಿಟ್ಟರೆ ತನ್ನ ಲಂಗರನ್ನು ಅದು ತಾನೇ ಹಾಕಿಕೊಳ್ಳುತ್ತದೆ. ಆಮೇಲೆ ಅದನ್ನು ಕೀಳುವುದು ಯಾರಿಂದಲೂ ಸುಲಭವಲ್ಲ.